ಗಟ್ಟಿ ಮಾಡಿಸಿದರೆ ಗಟ್ಟಿ ಬಾಳುತ್ತದೆಯೇ? ರಾಯದುರ್ಗ, ಮಡಕಶಿರಾ ರಸ್ತೆಗಳಲ್ಲಿ ಕಾರಿನ ಸಸ್ಪೆನ್ಷನ್ ಬಿಗುವು, ಬಾಳಿಕೆ ಮತ್ತು ಪ್ರಯಾಣ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಕೇಳುಗರ ಪ್ರಶ್ನೆಗಳಿವೆ.)

ಇವತ್ತಿನ ವಿಷಯ ಕೇಳೋಕೆ ಗ್ಯಾರೇಜಿನ ಮಾತಿನ ಹಾಗಿದೆ, ಆದರೆ ಒಳಗಿರೋದು ಪೂರ್ತಿ ಭೌತಶಾಸ್ತ್ರ. ನಮ್ಮ ಕಡೆ ಕಾರು ತಗೊಂಡವರು ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: “ರೋಡು ಹಿಂಗಿದೆ, ಸಸ್ಪೆನ್ಷನ್ ಸ್ವಲ್ಪ ಗಟ್ಟಿ ಮಾಡಿಸಿಬಿಡ್ಲಾ?” ಕನ್ನಡದಲ್ಲಿ ‘ಗಟ್ಟಿ’ ಅನ್ನೋ ಪದಕ್ಕೆ ಎರಡು ಅರ್ಥ. ಒಂದು, ಬಾಗದೇ ಇರೋದು. ಇನ್ನೊಂದು, ಬಹಳ ಕಾಲ ಬಾಳೋದು. ಈ ಎರಡನ್ನೂ ಒಂದೇ ಅಂತ ತಿಳಿದುಕೊಳ್ಳುವುದರಿಂದಲೇ ಬುಷ್, ಟೈರು, ಬೆನ್ನುಮೂಳೆ ಮೂರೂ ಹಾಳಾಗುತ್ತವೆ. ಹಾಗಾಗಿ ಬಾಗದಿರುವ ಗುಣಕ್ಕೆ ‘ಬಿಗುವು’ ಅಂತಲೂ, ಬಹಳ ಕಾಲ ಬರುವುದಕ್ಕೆ ‘ಬಾಳಿಕೆ’ ಅಂತಲೂ ಬೇರೆ ಬೇರೆ ಪದ ಬಳಸುತ್ತೇನೆ.

ನಾನು ಹೇಳಬೇಕಾಗಿರುವುದನ್ನು ಮೊದಲೇ ಹೇಳಿಬಿಡ್ತೀನಿ. ಬಿಗುವು ಹೆಚ್ಚಿಸಿದರೆ ಗುಂಡಿಯ ಪೆಟ್ಟು ಕಡಿಮೆಯಾಗುವುದಿಲ್ಲ, ಅದು ಬೇರೆ ಭಾಗಕ್ಕೆ ವರ್ಗವಾಗುತ್ತದೆ. ನೀವು ದಿನಾ ಹೊರುವ ಭಾರಕ್ಕೆ, ದಿನಾ ಓಡಾಡುವ ರಸ್ತೆಯಲ್ಲಿ, ತಳ ಬಡಿಯದೇ ಇರುವಷ್ಟು ಬಿಗುವು ಸಾಕು. ಅದಕ್ಕಿಂತ ಹೆಚ್ಚಾದ ಒಂದೊಂದು ಕ್ಲಿಕ್ಕಿಗೂ ಎಲ್ಲೋ ಒಂದು ಕಡೆ ಬೆಲೆ ಕಟ್ಟಲೇಬೇಕು.

1. ಎರಡು ಊರು, ಎರಡು ನೆಲ

ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಲೆಕ್ಕ ಬದಲಾದರೂ ಎರಡೂ ಊರಿನ ಜನರ ಓಡಾಟ ಮೊದಲಿನಂತೆಯೇ ಗಡಿ ದಾಟಿಕೊಂಡೇ ಇದೆ. ರಾಯದುರ್ಗದವರು ಸುಮಾರು 50 ಕಿ.ಮೀ. ದೂರದ ಬಳ್ಳಾರಿಗೆ, ಮೊಳಕಾಲ್ಮೂರಿಗೆ ಹೋಗ್ತಾರೆ. ಮಡಕಶಿರಾದವರು ಹಿಂದೂಪುರಕ್ಕೆ, ಅಗಳಿ ಮೇಲೆ ಹಾಯ್ದು ಶಿರಾಕ್ಕೆ, ಅಲ್ಲಿಂದ ಮುಂದೆ ತುಮಕೂರು, ಬೆಂಗಳೂರಿಗೆ ಹೋಗ್ತಾರೆ.

ಸಸ್ಪೆನ್ಷನ್ ದೃಷ್ಟಿಯಿಂದ ಈ ಎರಡು ದಿಕ್ಕು ಒಂದೇ ಅಲ್ಲ. ಬಳ್ಳಾರಿ ಬಯಲು ಎರೆಮಣ್ಣಿನದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲೆ ಡಾಂಬರು ನುಣ್ಣಗಿದ್ದರೂ ರಸ್ತೆ ನಿಧಾನಕ್ಕೆ ಉದ್ದುದ್ದ ಅಲೆಗಳಾಗಿ ಏಳುತ್ತದೆ, ಕೂರುತ್ತದೆ. ಮಡಕಶಿರಾ ಕಡೆ ಕೆಂಪು ನೆಲ, ಗರಸು, ಕಲ್ಲುಗುಡ್ಡ. ಹಳ್ಳಿಯ ಕಚ್ಚಾ ರಸ್ತೆಯಲ್ಲಿ ಅಂಚು ಮೊನಚಾದ ಗುಂಡಿ, ಜೊತೆಗೆ ತಗಡಿನ ಶೀಟಿನ ಹಾಗೆ ಸಣ್ಣಸಣ್ಣ ಅಲೆ.

ಇದನ್ನ ಸ್ವಲ್ಪ ಲೆಕ್ಕಕ್ಕೆ ಇಳಿಸೋಣ. 12 ಮೀಟರ್ ಉದ್ದದ ಅಲೆಯ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಕಾರಿಗೆ ಸೆಕೆಂಡಿಗೆ ಸುಮಾರು 1.4 ಸಲ ತೂಗಾಟ ಸಿಗುತ್ತದೆ. 70 ಸೆಂ.ಮೀ. ಅಂತರದ ಸಣ್ಣ ಅಲೆಗಳ ಮೇಲೆ 30 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 12 ಸಲ. ಮಾಮೂಲಿ ಕಾರಿನ ಬಾಡಿ ಸ್ಪ್ರಿಂಗ್ ಮೇಲೆ ತಾನಾಗಿಯೇ ತೂಗುವ ವೇಗ ಸೆಕೆಂಡಿಗೆ 1ರಿಂದ 1.5 ಸಲ. ಚಕ್ರ ಮತ್ತು ಆಕ್ಸಲ್ ತಾವಾಗಿಯೇ ಕುಣಿಯುವ ವೇಗ 10ರಿಂದ 15 ಸಲ. ಅಂದ್ರೆ ಎರೆ ನೆಲದ ರಸ್ತೆ ಬಾಡಿಯನ್ನು ಹಿಡಿದು ತೂಗುತ್ತದೆ, ಕೆಂಪು ನೆಲದ ರಸ್ತೆ ಚಕ್ರವನ್ನು ಹಿಡಿದು ಕುಣಿಸುತ್ತದೆ. ಮೊದಲನೆಯದಕ್ಕೆ ಬೇಕಾದ ಮದ್ದು ಎರಡನೆಯದಕ್ಕೆ ವಿಷ ಆಗಬಹುದು.

2. ಹೊಂದಿಸೋದು ಅಂದ್ರೆ ಯಾವುದನ್ನ?

ಸಸ್ಪೆನ್ಷನ್‌ನಲ್ಲಿ ತಿರುಗಿಸಬಹುದಾದ, ಬದಲಾಯಿಸಬಹುದಾದ ಸಂಗತಿಗಳು ಮೂರು. ಗ್ಯಾರೇಜಿನಲ್ಲಿ ಮೂರನ್ನೂ ‘ಹಾರ್ಡ್ ಮಾಡೋದು’ ಅಂತಲೇ ಕರೀತಾರೆ.

ಮೊದಲನೆಯದು ಪ್ರಿಲೋಡ್. ಸ್ಪ್ಲೆಂಡರ್ ಬೈಕಿನ ಹಿಂದಿನ ಶಾಕಿನಲ್ಲಿ ಐದು ಮೆಟ್ಟಿಲಿನ ರಿಂಗ್ ಇರುತ್ತಲ್ಲ, ಅದು. ಹಿಂದೆ ಇಬ್ಬರು ಕೂತರೆ ಸ್ಪ್ಯಾನರ್ ಹಾಕಿ ಮೇಲಿನ ಮೆಟ್ಟಿಲಿಗೆ ತಿರುಗಿಸ್ತೀವಿ. ಹೀಗೆ ಮಾಡಿದಾಗ ಸ್ಪ್ರಿಂಗ್‌ನ ಬಿಗುವು ಬದಲಾಗಲ್ಲ. ಸ್ಪ್ರಿಂಗ್ ಮೊದಲೇ ಸ್ವಲ್ಪ ಅದುಮಿಕೊಂಡಿರುವುದರಿಂದ ಅದೇ ಭಾರಕ್ಕೆ ಗಾಡಿ ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೇ. ಕಾರಿಗೆ ಹಾಕುವ ಕಾಯಿಲೋವರ್ ಕಿಟ್‌ನ ಕಾಲರ್ ಕೂಡ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ.

ಎರಡನೆಯದು ಸ್ಪ್ರಿಂಗ್‌ನ ನಿಜವಾದ ಬಿಗುವು. ಒಂದು ಮಿಲಿಮೀಟರ್ ಅದುಮಲು ಎಷ್ಟು ಬಲ ಬೇಕು ಅನ್ನುವುದೇ ಇದರ ಅಳತೆ. ಇದು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ. ತಂತಿಯ ಜಾಗದಲ್ಲಿ 13 ಮಿ.ಮೀ. ತಂತಿ ಬಂದರೆ ಬಿಗುವು ಶೇ. 38ರಷ್ಟು ಹೆಚ್ಚು. ನೋಡೋಕೆ ಒಂದೇ ಮಿಲಿಮೀಟರ್, ಆದರೆ ಗಾಡಿಯ ಸ್ವಭಾವವೇ ಬದಲಾಗಿಬಿಡುತ್ತದೆ.

ಮೂರನೆಯದು ಡ್ಯಾಂಪಿಂಗ್, ಅಂದ್ರೆ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯ ತಡೆ. ಶಾಕ್‌ನ ತಲೆಯ ಮೇಲೋ ಬುಡದಲ್ಲೋ ಇರುವ ತಿರುಪು ಕ್ಲಿಕ್ ಕ್ಲಿಕ್ ಅಂತ ತಿರುಗುತ್ತಲ್ಲ, ಅದು ಹೊಂದಿಸುವುದು ಇದನ್ನೇ. ಸ್ಪ್ರಿಂಗ್‌ನ ಬಲ ಎಷ್ಟು ಅದುಮಿದೆ ಅನ್ನುವುದರ ಮೇಲೆ ನಿಂತಿದೆ. ಶಾಕ್‌ನ ಬಲ ಎಷ್ಟು ಜೋರಾಗಿ ಅದುಮುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಈ ವ್ಯತ್ಯಾಸ ಒಂದನ್ನು ದಯವಿಟ್ಟು ನೆನಪಿಡಿ. ಮೊನಚು ಗುಂಡಿಯಲ್ಲಿ ಚಕ್ರ ಚಲಿಸುವ ದೂರ ಕಡಿಮೆ, ವೇಗ ಬಹಳ. ಆದ್ದರಿಂದ ಅಲ್ಲಿ ಪೆಟ್ಟನ್ನು ಬಾಡಿಗೆ ದಾಟಿಸುವುದರಲ್ಲಿ ಸ್ಪ್ರಿಂಗ್‌ಗಿಂತ ಬಿಗಿ ಮಾಡಿದ ಶಾಕ್‌ನ ಪಾಲೇ ದೊಡ್ಡದು.

3. ಪ್ರಯಾಣದ ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. ಕಾರಿನ ಹಿಂದಿನ ಒಂದು ಮೂಲೆಯ ಮೇಲೆ 300 ಕೆ.ಜಿ. ಭಾರ, ಚಕ್ರದ ಬಳಿ ಬಿಗುವು ಮಿಲಿಮೀಟರಿಗೆ 20 ನ್ಯೂಟನ್. ಆಗ ಬಾಡಿ ಸೆಕೆಂಡಿಗೆ 1.3 ಸಲ ತೂಗುತ್ತದೆ. ಇದು ನಡೆಯುವ ಮನುಷ್ಯನ ಮೈ ತೂಗುವ ಗತಿಗೆ ಹತ್ತಿರ, ಮೈಗೆ ಹಿತ. ಸ್ಪ್ರಿಂಗ್ ಬದಲಾಯಿಸಿ ಬಿಗುವನ್ನು 28ಕ್ಕೆ ಏರಿಸಿದರೆ ತೂಗಾಟ 1.54 ಆಗುತ್ತದೆ. ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ 4ರಿಂದ 8 ಸಲದ ನಡುವೆ. ಬೆನ್ನುಮೂಳೆ, ಹೊಟ್ಟೆಯೊಳಗಿನ ಅಂಗಗಳು ಆ ಗತಿಗೆ ಸ್ಪಂದಿಸುತ್ತವೆ. ಬಿಗುವು ಶೇ. 40 ಏರಿದರೆ ಆ ಪಟ್ಟಿಯಲ್ಲಿ ಸ್ಪ್ರಿಂಗ್ ಮೂಲಕ ಒಳಗೆ ಬರುವ ಅಲುಗಾಟವೂ ಸರಿಸುಮಾರು ಅಷ್ಟೇ ಏರುತ್ತದೆ. ಬಸುರಿ ಹೆಂಗಸು, ಬೆನ್ನು ಆಪರೇಷನ್ ಆದವರು, ವಯಸ್ಸಾದವರು ಹಿಂದಿನ ಸೀಟಿನಲ್ಲಿದ್ದಾಗ ಇದು ಬರೀ ಅಂಕಿ ಅಲ್ಲ.

ಇನ್ನೊಂದು ಮುಖವೂ ಇದೆ. ಅದೇ ಕಾರಿನ ಹಿಂದಿನ ಎರಡೂ ಮೂಲೆಗೆ ತಲಾ 100 ಕೆ.ಜಿ. ಹೆಚ್ಚಿಗೆ ಹೇರಿ ನೋಡಿ. 20ರ ಸ್ಪ್ರಿಂಗ್ ಇನ್ನೂ 49 ಮಿ.ಮೀ. ಕೂರುತ್ತದೆ. ಖಾಲಿ ಇದ್ದಾಗ ಮೇಲಕ್ಕೆ ಚಲಿಸಲು 80 ಮಿ.ಮೀ. ಜಾಗ ಇತ್ತು ಅಂದುಕೊಂಡರೆ ಈಗ ಉಳಿದಿದ್ದು 31. ಸ್ವಲ್ಪ ದೊಡ್ಡ ಹಂಪ್ ಬಂದರೂ ಬಂಪ್ ಸ್ಟಾಪ್ ಬಡಿಯುತ್ತದೆ. 28ರ ಸ್ಪ್ರಿಂಗ್ ಆದರೆ 35 ಮಿ.ಮೀ. ಕೂತು 45 ಉಳಿಯುತ್ತದೆ, ತೂಗಾಟವೂ 1.33ಕ್ಕೆ ಬರುತ್ತದೆ. ಅಂದ್ರೆ ಭಾರ ಇರುವ ಗಾಡಿಗೆ ಗಟ್ಟಿ ಸ್ಪ್ರಿಂಗ್ ತಪ್ಪಲ್ಲ, ಅದೇ ಸರಿ. ಇಬ್ಬರೇ ಓಡಾಡುವ ಗಾಡಿಗೆ ಅದನ್ನೇ ಹಾಕಿಸಿದರೆ ತಪ್ಪು. ಬಿಗುವು ಅನ್ನೋದು ಭಾರದ ಜೊತೆ ಮಾಡಿಕೊಂಡ ಒಪ್ಪಂದ.

ಸ್ಪ್ರಿಂಗ್ ಮಾತ್ರ ಬದಲಾಯಿಸಿ ಶಾಕ್ ಹಳೆಯದೇ ಬಿಟ್ಟರೆ ಇನ್ನೊಂದು ತೊಂದರೆ. ಎಣ್ಣೆಯ ತಡೆ ಸ್ಪ್ರಿಂಗ್‌ಗೆ ತಕ್ಕಷ್ಟಿರಬೇಕು. ಆ ಅನುಪಾತ ಮೊದಲು 0.30 ಇದ್ದರೆ, ಶೇ. 40 ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ 0.25ಕ್ಕೆ ಇಳಿಯುತ್ತದೆ. ಗಾಡಿ ಗಟ್ಟಿಯೂ ಆಯ್ತು, ಜೊತೆಗೆ ಹೆಚ್ಚು ಪುಟಿಯುವುದೂ ಆಯ್ತು. ಬಳ್ಳಾರಿ ರಸ್ತೆಯ ಉದ್ದ ಅಲೆಗಳ ಮೇಲೆ “ಹಾರ್ಡ್ ಮಾಡಿಸಿದ್ರೂ ದೋಣಿ ತರ ಆಡುತ್ತೆ” ಅನ್ನುವ ದೂರಿಗೆ ಒಂದು ಕಾರಣ ಇದೇ.

4. ಬಾಳಿಕೆಯ ಲೆಕ್ಕ

ಲೋಹ ಒಂದೇ ಪೆಟ್ಟಿಗೆ ಮುರಿಯುವುದು ಅಪರೂಪ. ಸಣ್ಣ ಪೆಟ್ಟು ಲಕ್ಷಾಂತರ ಸಲ ಬಿದ್ದು ದಣಿದು ಮುರಿಯುತ್ತದೆ. ಜರ್ಮನಿಯ ಆಗಸ್ಟ್ ವ್ಯೋಲರ್ 19ನೇ ಶತಮಾನದ ನಡುವಿನಲ್ಲಿ ರೈಲಿನ ಆಕ್ಸಲ್‌ಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟ. ಬಲ ಹೆಚ್ಚಾದಂತೆ ಆಯುಷ್ಯ ಸಮ ಪ್ರಮಾಣದಲ್ಲಿ ಅಲ್ಲ, ಘಾತದ ಪ್ರಮಾಣದಲ್ಲಿ ಕುಸಿಯುತ್ತದೆ. ಬೆಸುಗೆ ಹಾಕಿದ ಜಾಗಗಳಿಗೆ ಈ ಘಾತ ಸುಮಾರು 3. ನುಣುಪಾಗಿ ಕೆಲಸ ಮಾಡಿದ ಉಕ್ಕಿನ ಭಾಗಗಳಿಗೆ 5 ಅಥವಾ ಅದಕ್ಕೂ ಹೆಚ್ಚು. ಅಂದ್ರೆ, ಗಟ್ಟಿ ಸೆಟ್ಟಿಂಗ್‌ನಿಂದ ಒಂದು ಜೋಡಣೆಯ ಮೇಲಿನ ಪೆಟ್ಟು ಶೇ. 20 ಏರಿದರೆ ಬೆಸುಗೆಯ ಸವೆತ 1.7 ಪಟ್ಟು, ಉಕ್ಕಿನ ಭಾಗದ ಸವೆತ 2.5 ಪಟ್ಟು. ಐದು ವರ್ಷ ಬರಬೇಕಾದ್ದು ಎರಡೇ ವರ್ಷಕ್ಕೆ ಕೈಕೊಟ್ಟರೆ ಆಶ್ಚರ್ಯ ಇಲ್ಲ.

ಈ ಲೆಕ್ಕ ನಮ್ಮ ಭಾಗಕ್ಕೆ ಹೊಸದೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಹೊರಬಿದ್ದ ಸೂತ್ರ ಹೇಳುವುದೂ ಇದನ್ನೇ: ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಒಂದೂವರೆ ಪಟ್ಟು ಭಾರ ಹೇರಿದ ಲಾರಿ ಐದು ಲಾರಿಯಷ್ಟು ರಸ್ತೆ ತಿನ್ನುತ್ತದೆ. ಓಬುಳಾಪುರಂ ಇರುವುದು ರಾಯದುರ್ಗ ವಿಧಾನಸಭಾ ಕ್ಷೇತ್ರದ ಡಿ. ಹಿರೇಹಾಳ್ ಮಂಡಲದಲ್ಲೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ಅದಿರು ಲಾರಿಗಳು ಈ ಸೀಮೆಯ ರಸ್ತೆಗಳಿಗೆ ಏನು ಮಾಡಿದವು ಅಂತ ಕಂಡವರಿಗೆ ನಾಲ್ಕನೇ ಘಾತದ ಬಗ್ಗೆ ಪಾಠ ಬೇಕಿಲ್ಲ. ಲಾರಿ ರಸ್ತೆಗೆ ಮಾಡಿದ್ದನ್ನೇ ಗಟ್ಟಿ ಸೆಟ್ಟಿಂಗ್ ನಿಮ್ಮ ಕಾರಿನ ಕೀಲುಗಳಿಗೆ ಮಾಡುತ್ತದೆ.

ಪೆಟ್ಟು ಎಲ್ಲಿಗೆ ವರ್ಗವಾಗುತ್ತೆ? ಮೊದಲು ಶಾಕ್‌ನ ಮೇಲಿನ ರಬ್ಬರ್ ಮೌಂಟ್, ಆಮೇಲೆ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ವೀಲ್ ಬೇರಿಂಗ್, ಟೈರಿನ ಪಕ್ಕದ ಗೋಡೆ, ರಿಮ್ಮಿನ ಅಂಚು. ಕೊನೆಗೆ ಡ್ಯಾಶ್‌ಬೋರ್ಡ್‌ನಿಂದ ಕಿರಿಕಿರಿ ಸದ್ದು. ಆ ಸದ್ದು ಕೇಳೋ ಹೊತ್ತಿಗೆ ಉಳಿದವು ಆಗಲೇ ಸವೆಯೋಕೆ ಶುರುವಾಗಿರುತ್ತವೆ.

ಶಾಕ್‌ಗೂ ಅದರದ್ದೇ ಕಷ್ಟ ಇದೆ. ಅದು ಚಲನೆಯನ್ನು ಶಾಖವಾಗಿ ಬದಲಾಯಿಸುವ ಯಂತ್ರ. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ಇರುವ ನಮ್ಮ ಕಡೆ, ಕೆಟ್ಟ ರಸ್ತೆಯಲ್ಲಿ ಒಂದೇ ಸಮನೆ ಓಡಿದರೆ ಎಣ್ಣೆ ಕಾದು ತೆಳ್ಳಗಾಗುತ್ತದೆ, ಅಗ್ಗದ ಶಾಕ್‌ನಲ್ಲಿ ನೊರೆಯೂ ಬರುತ್ತದೆ. ಬೆಳಿಗ್ಗೆ ಗಟ್ಟಿಯಿದ್ದ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ. ರಾಡ್‌ಗೆ ಮೆತ್ತಿದ ಧೂಳು ಆಯಿಲ್ ಸೀಲನ್ನು ಉಜ್ಜಿ ಉಜ್ಜಿ ಸೋರಿಕೆ ತರಿಸುತ್ತದೆ. ಧೂಳು ತಡೆಯುವ ರಬ್ಬರ್ ಬೂಟ್ ಹರಿದಿದ್ದರೆ ಸೆಟ್ಟಿಂಗ್ ಮಾತು ಆಮೇಲೆ, ಮೊದಲು ಅದನ್ನ ಹಾಕಿಸಿ.

ಇಲ್ಲಿ ಒಂದು ವಿಶೇಷ ಸಂಗತಿ. ಶಾಕ್ ಹಿಗ್ಗುವಾಗಿನ ತಡೆಗೆ ರಿಬೌಂಡ್ ಅಂತಾರೆ. ಅದನ್ನು ಅತಿಯಾಗಿ ಬಿಗಿ ಮಾಡಿದರೆ, ಸಾಲಾಗಿ ಉಬ್ಬುಗಳು ಬಂದಾಗ ಸ್ಪ್ರಿಂಗ್ ಒಂದು ಉಬ್ಬಿನಿಂದ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತದೆ. ಗಾಡಿ ಸ್ವಲ್ಪ ಸ್ವಲ್ಪವೇ ಕೆಳಗೆ ಕೂತು ಕೊನೆಗೆ ಬಂಪ್ ಸ್ಟಾಪ್ ಮೇಲೇ ಓಡುತ್ತದೆ. ತಳ ಬಡಿಯಬಾರದು ಅಂತ ಬಿಗಿ ಮಾಡಿದ್ದೇ ತಳ ಬಡಿಸುತ್ತದೆ. ಮಡಕಶಿರಾ ಕಡೆಯ ತಗಡಿನಂಥ ಕಚ್ಚಾ ರಸ್ತೆಗಳಲ್ಲಿ ಆಗುವುದು ಇದು.

5. ಬಫರ್ ಮತ್ತು ಹೆಚ್ಚಿನ ಪಟ್ಟಿ

ದುಬಾರಿ ಕಾಯಿಲೋವರ್ ಕಿಟ್ ಹಾಕಿಸುವವರು ನಮ್ಮಲ್ಲಿ ಕಡಿಮೆ. ಬಹಳ ಜನ ಮಾಡಿಸುವುದು ಕಾಯಿಲ್ ಸ್ಪ್ರಿಂಗ್‌ನ ಸುತ್ತುಗಳ ಮಧ್ಯೆ ರಬ್ಬರ್ ಬಫರ್ ತೂರಿಸುವುದು. ಇದು ನಿಜಕ್ಕೂ ಬಿಗುವನ್ನೇ ಬದಲಾಯಿಸುತ್ತದೆ. ಆರು ಸುತ್ತು ಕೆಲಸ ಮಾಡುತ್ತಿದ್ದ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಸಿಕ್ಕಿಹಾಕಿಕೊಂಡರೆ ಉಳಿದದ್ದು ಐದು, ಬಿಗುವು ಶೇ. 20 ಏರಿತು. ಚಕ್ರ ಅಷ್ಟೇ ದೂರ ಚಲಿಸಿದರೂ ಉಳಿದ ಐದು ಸುತ್ತುಗಳ ಮೇಲೆ ಒತ್ತಡ ಹೆಚ್ಚು. ಜೊತೆಗೆ ಬಫರ್ ಕೆಳಗೆ ಧೂಳು, ನೀರು ನಿಂತು ಸ್ಪ್ರಿಂಗ್‌ನ ಬಣ್ಣ ಉಜ್ಜಿ ಹೋಗುತ್ತದೆ, ತುಕ್ಕು ಹಿಡಿಯುತ್ತದೆ. ಸ್ಪ್ರಿಂಗ್ ಬಿರುಕು ಬಿಡಲು ಶುರುವಾಗುವುದು ಇಂಥ ಮೇಲ್ಮೈ ಕಲೆಯಿಂದಲೇ.

ಬೊಲೆರೊದ ಹಿಂಭಾಗ, ಟಾಟಾ ಏಸ್‌ನಂಥ ಗಾಡಿಗಳಲ್ಲಿ ಇರುವುದು ಪಟ್ಟಿ ಸ್ಪ್ರಿಂಗ್. ಒಂದೇ ಅಳತೆಯ ಐದು ಪಟ್ಟಿಗೆ ಆರನೆಯದು ಸೇರಿಸಿದರೆ ಬಿಗುವು ಶೇ. 20 ಹೆಚ್ಚು. ಆದರೆ ಪಟ್ಟಿಗಳ ನಡುವಿನ ತಿಕ್ಕಾಟವೂ ಹೆಚ್ಚುತ್ತದೆ. ಆ ತಿಕ್ಕಾಟ ಮೀರುವಷ್ಟು ದೊಡ್ಡ ಪೆಟ್ಟು ಬೀಳುವ ತನಕ ಸ್ಪ್ರಿಂಗ್ ಅಲುಗಾಡುವುದೇ ಇಲ್ಲ. ಸಣ್ಣ ಗುಂಡಿಗಳಲ್ಲಿ ಆಕ್ಸಲ್ಲನ್ನು ನೇರ ಚಾಸಿಗೆ ಕಟ್ಟಿಹಾಕಿದ ಹಾಗೆ. ಹೇರು ಹೊತ್ತಾಗ ಸರಿಯಿರುವ ಗಾಡಿ ಖಾಲಿ ಬರುವಾಗ ಕುಪ್ಪಳಿಸುವುದು ಇದಕ್ಕೇ.

6. ಸೆಟ್ಟಿಂಗ್ ಮಾಡುವ ಕ್ರಮ

ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಅಲ್ಲಿರಲಿ, ಬೇರೆಲ್ಲಿರಲಿ, ಕಾರ್ಖಾನೆಯಿಂದ ಬಂದ ಸಸ್ಪೆನ್ಷನ್ ಖಾಲಿ ಗಾಡಿಗೂ ತುಂಬಿದ ಗಾಡಿಗೂ ನಡುವೆ ಆರಿಸಿದ ಒಂದು ರಾಜಿ. ಹೊಂದಿಸುವ ಕೆಲಸ ಅಲ್ಲಿಂದ ಶುರುವಾಗಬೇಕು.

ಮೊದಲು ಟೈರಿನ ಗಾಳಿ. ಟೈರೇ ಮೊದಲನೇ ಸ್ಪ್ರಿಂಗ್. ಡ್ರೈವರ್ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಖಾಲಿ ಗಾಡಿಗೆ, ತುಂಬಿದ ಗಾಡಿಗೆ ಬೇರೆ ಬೇರೆ ಅಂಕಿ ಇರುತ್ತದೆ, ಅದನ್ನೇ ಪಾಲಿಸಿ.

ಎರಡನೆಯದು, ನೀವು ವಾರದಲ್ಲಿ ಹೆಚ್ಚು ದಿನ ಹೊರುವ ಭಾರ ಹಾಕಿಕೊಂಡೇ ಪರೀಕ್ಷೆ ಮಾಡಿ.

ಮೂರನೆಯದು, ಕ್ಲಿಕ್ಕುಗಳನ್ನು ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಿ. ಕೊನೆ ಮುಟ್ಟಿದ ಮೇಲೆ ಬಲ ಹಾಕಬೇಡಿ, ಒಳಗಿನ ಸೂಜಿ ಹಾಳಾಗುತ್ತದೆ. ಎಡ ಬಲ ಎರಡೂ ಒಂದೇ ಅಂಕಿಯಲ್ಲಿರಲಿ.

ನಾಲ್ಕನೆಯದು, ಮೆತ್ತನೆ ತುದಿಗೆ ಹತ್ತಿರದಿಂದ ಶುರುಮಾಡಿ. ಶಾಕ್‌ನ ರಾಡ್ ಕಾಣುವ ಕಡೆ ಒಂದು ಪ್ಲಾಸ್ಟಿಕ್ ಟ್ಯಾಗ್ ಸಡಿಲವಾಗಿ ಕಟ್ಟಿ. ಅದೇ ರಸ್ತೆ, ಅದೇ ವೇಗದಲ್ಲಿ ಹೋಗಿ ಬಂದು ಟ್ಯಾಗ್ ಎಲ್ಲಿಗೆ ಸರಿದಿದೆ ನೋಡಿ. ಚಲನೆಯ ಬಹುಭಾಗ ಬಳಕೆಯಾಗಿ, ಬಂಪ್ ಸ್ಟಾಪ್ ಆಗೊಮ್ಮೆ ಈಗೊಮ್ಮೆ ಮಾತ್ರ ಮುಟ್ಟಿದ್ದರೆ ಸರಿ. ದಿನಾ ಬಡಿಯುತ್ತಿದ್ದರೆ ಭಾರ ಇಳಿಸಬೇಕು, ಇಲ್ಲಾ ಸ್ಪ್ರಿಂಗ್ ಬದಲಾಯಿಸಬೇಕು. ಅದಕ್ಕೆ ಕ್ಲಿಕ್ ಮದ್ದಲ್ಲ.

ಐದನೆಯದು, ಉದ್ದ ಅಲೆಯ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಮಾತ್ರ ಒಂದೆರಡು ಕ್ಲಿಕ್ ಬಿಗಿ ಮಾಡಿ. ಒಂದೇ ಸಲ ಎದ್ದು ಕೂತರೆ ಅಲ್ಲಿಗೆ ನಿಲ್ಲಿಸಿ. ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಸಾವಿರ ಕಿ.ಮೀ. ಆದ ಮೇಲೆ ಬುಷ್, ಮೌಂಟ್, ಸೋರಿಕೆ ಒಮ್ಮೆ ನೋಡಿಸಿ.

7. ಕೇಳುಗರ ಪ್ರಶ್ನೆಗಳು

ಪ್ರಶ್ನೆ (ರಾಯದುರ್ಗದಿಂದ): ಸರ್, ಜೀನ್ಸ್ ಬಟ್ಟೆ ಗಂಟು ಹಾಕ್ಕೊಂಡು ವಾರಕ್ಕೆ ಮೂರು ಸಲ ಬಳ್ಳಾರಿಗೆ ಹೋಗ್ತೀವ್ರಿ. ಬರೋವಾಗ ಖಾಲಿ. ಹಿಂದ್ಗಡೆ ಹಾರ್ಡ್ ಇಟ್ರೆ ಆಗುತ್ತಾ?

ಉತ್ತರ: ಹೋಗುವಾಗ ಆಗುತ್ತೆ, ಬರುವಾಗ ಆಗಲ್ಲ. ಹೊಂದಿಸುವ ಶಾಕ್ ಇದ್ದರೆ ಎರಡು ಅಂಕಿ ಇಟ್ಟುಕೊಳ್ಳಿ, ತಿರುಗಿಸೋಕೆ ಎರಡು ನಿಮಿಷ ಸಾಕು. ಭಾರ ಹೊತ್ತಾಗ ರಿಬೌಂಡ್ ಸ್ವಲ್ಪ ಬಿಗಿ, ಖಾಲಿ ಬರುವಾಗ ಸಡಿಲ. ಗಂಟುಗಳನ್ನ ಹಿಂದಿನ ಬಾಗಿಲಿಗೆ ಒತ್ತಿ ಇಡದೇ ಆದಷ್ಟು ಮುಂದಕ್ಕೆ, ಸೀಟಿನ ಬೆನ್ನಿಗೆ ತಾಗಿಸಿ ಕಟ್ಟಿ. ಇದು ಖರ್ಚಿಲ್ಲದ ಸಸ್ಪೆನ್ಷನ್ ಸೆಟ್ಟಿಂಗ್.

ಪ್ರಶ್ನೆ (ಮಡಕಶಿರಾದಿಂದ): ನಮ್ಮಮ್ಮನ್ನ ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹಿಂದೂಪುರಕ್ಕೆ ಕರ್ಕೊಂಡೋಗ್ತೀವಿ. ತಳ ತಗಲುತ್ತೆ ಅಂತ ಬಫರ್ ಹಾಕಿಸಿದ್ವಿ. ಆವಾಗಿಂದ ಬೆನ್ನು ನೋವು ಅಂತಾರೆ. ಏನ್ ಮಾಡೋದು?

ಉತ್ತರ: ಮೂರು ಜನ ಮಾತ್ರ ಹೋಗೋದಾದ್ರೆ ಬಫರ್ ತೆಗೆಸಿಬಿಡಿ. ಹಾಗೆ ತೆಗೆಸಿದಾಗ ಆ ಜಾಗದಲ್ಲಿ ತುಕ್ಕು, ಬಿರುಕು ಇದೆಯಾ ಅಂತ ಮೆಕ್ಯಾನಿಕ್ ಕೈಲಿ ನೋಡಿಸಿ. ಮೂರೇ ಜನಕ್ಕೆ ಮೊದಲು ತಳ ತಗಲುತ್ತಿತ್ತು ಅಂದರೆ ಸ್ಪ್ರಿಂಗ್ ಕುಗ್ಗಿರಬೇಕು ಅಥವಾ ಶಾಕ್ ಮುಗಿದಿರಬೇಕು. ಕಂಪನಿ ಅಳತೆಯದ್ದೇ ಹೊಸದು ಹಾಕಿಸಿ. ಅಮ್ಮನವರನ್ನ ಹಿಂದಿನ ಆಕ್ಸಲ್ ಮೇಲೆ ಕೂರಿಸದೇ ಮುಂದಿನ ಸೀಟಲ್ಲಿ, ಬೆನ್ನು ಸ್ವಲ್ಪ ಒರಗಿಸಿ ಕೂರಿಸಿ. ಎರಡು ಆಕ್ಸಲ್‌ಗಳ ನಡುವೆ ಅಲುಗಾಟ ಕಡಿಮೆ. ಕೆಟ್ಟ ತುಂಡಿನಲ್ಲಿ ನಿಧಾನ ಹೋಗಿ. ಹತ್ತು ನಿಮಿಷ ತಡವಾಗಬಹುದು, ಆದರೆ ಅವರು ವಾರಕ್ಕೆರಡು ಸಲ ಈ ದಾರಿ ಸವೆಸಬೇಕಲ್ಲ.

ಪ್ರಶ್ನೆ: ತಾನೇ ಹೊಂದಿಸಿಕೊಳ್ಳುವ ಸಸ್ಪೆನ್ಷನ್ ಇರೋ ಕಾರು ತಗೊಂಡ್ರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಅರ್ಧ ನಿಜ. ಜೀಪ್ ಕಂಪಾಸ್, ಮಹೀಂದ್ರ ಎಕ್ಸ್‌ಯುವಿ 700ರಲ್ಲಿ ಬಂದಿರುವ ಎಫ್‌ಎಸ್‌ಡಿ ಶಾಕ್‌ಗಳು ಯಾವ ವಿದ್ಯುತ್ತೂ ಇಲ್ಲದೆ, ವೇಗದ ಸಣ್ಣ ಕುಣಿತ ಬಂದಾಗ ಎಣ್ಣೆಗೆ ಇನ್ನೊಂದು ದಾರಿ ತೆರೆದು ಮೆತ್ತಗಾಗುತ್ತವೆ. ನಿಧಾನದ ತೂಗಾಟಕ್ಕೆ ಬಿಗಿಯಾಗಿಯೇ ಇರುತ್ತವೆ. ನಾನು ಹೇಳಿದ ಎರಡು ನೆಲದ ಸಮಸ್ಯೆಗೆ ಇದು ಒಳ್ಳೆಯ ಉತ್ತರವೇ. ಆದರೆ ಹೆಚ್ಚಿನ ಭಾರಕ್ಕೆ ಸ್ಪ್ರಿಂಗ್ ಕೂರುವುದನ್ನ ಯಾವ ಶಾಕೂ ತಡೆಯಲ್ಲ. ಸೀಲು ಸೋರುವುದೂ ತಪ್ಪಲ್ಲ. ಸೋರಿದಾಗ ಕೊಡಬೇಕಾದ ಬೆಲೆ ಮಾತ್ರ ದೊಡ್ಡದು.

ಸಮಯ ಆಯ್ತು. ನಾಳೆ ಗ್ಯಾರೇಜಿಗೆ ಹೋದಾಗ “ಗಟ್ಟಿ ಮಾಡಿಕೊಡಿ” ಅನ್ನುವ ಬದಲು “ದಿನಾ ಇಷ್ಟು ಭಾರ, ಈ ರಸ್ತೆ, ಇಂಥ ಕಡೆ ತಳ ಬಡಿಯುತ್ತೆ” ಅಂತ ಹೇಳಿ. ಮೆಕ್ಯಾನಿಕ್‌ಗೆ ಕೆಲಸ ಸುಲಭವಾಗುತ್ತೆ, ನಿಮಗೂ ಬೇಡದ ಖರ್ಚು ಉಳಿಯುತ್ತೆ.